ಎರಡು ಕ್ಲಾಕ್, ನಡುವೆ ಒಂದು ಫಿಫೋ: ಡೇಟಾ ಕಳೆಯದಂತೆ ದಾಟಿಸುವುದು ಹೇಗೆ?

ತೂಕದ ಯಂತ್ರ ತನ್ನ ಪಾಡಿಗೆ ತಾನು ಅಂಕಿ ಕಳಿಸುತ್ತಲೇ ಇರುತ್ತದೆ. ಮೆಮೊರಿ ಕಾರ್ಡು ತನಗೆ ಪುರುಸೊತ್ತು ಸಿಕ್ಕಾಗ ಬರೆದುಕೊಳ್ಳುತ್ತದೆ. ಒಂದರ ಗಡಿಯಾರ, ಅಂದರೆ ಕೆಲಸಕ್ಕೆ ತಾಳ ಹಾಕುವ ಕ್ಲಾಕ್, ಇನ್ನೊಂದಕ್ಕೆ ಗೊತ್ತಿಲ್ಲ. ತಿಪಟೂರಿನ ಕೊಬ್ಬರಿ ಮಾರುಕಟ್ಟೆಯ ತೂಕ ದಾಖಲಿಸುವ ಸಣ್ಣ ಪ್ರಾಜೆಕ್ಟ್ ಮಾಡಲು ಹೊರಟರೂ ಈ ಸಮಸ್ಯೆ ಎದುರಾಗುತ್ತದೆ. ತುಮಕೂರಿನಲ್ಲಿ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಚಿಪ್ ಡಿಸೈನ್ ಕೆಲಸದ ಇಂಟರ್‌ವ್ಯೂಗೆ ಹೋದರೂ ಇದೇ ಪ್ರಶ್ನೆ ಬರುತ್ತದೆ: ಅಸಿಂಕ್ರೊನಸ್ ಫಿಫೋ ಬರೆಯಿರಿ, ಡೆಪ್ತ್ ಎಷ್ಟು ಬೇಕು ಹೇಳಿ. ಫಿಫೋ ಅಂದರೆ ಮೊದಲು ಬಂದದ್ದು ಮೊದಲು ಹೊರಡುವ ಸಾಲು. ಎರಡು ಕಡೆಯ ಕ್ಲಾಕ್ ಬೇರೆ ಬೇರೆ ಆದರೆ ಅದು ಅಸಿಂಕ್ರೊನಸ್. ಅದರಲ್ಲಿ ಎಷ್ಟು ಜಾಗ ಇದೆ ಅನ್ನುವುದು ಡೆಪ್ತ್.

ಡೆಪ್ತ್‌ನ ಸೂತ್ರವನ್ನು ಬಾಯಿಪಾಠ ಮಾಡಿಕೊಂಡು ಹೋಗುವವರು ಜಾಸ್ತಿ. ಪಾಯಿಂಟರ್, ಅಂದರೆ ಮುಂದೆ ಬರೆಯುವ ಅಥವಾ ಓದುವ ಜಾಗದ ಅಂಕಿ, ಈ ಕಡೆಯಿಂದ ಆ ಕಡೆಗೆ ಹೇಗೆ ದಾಟುತ್ತದೆ ಅಂತ ಕೇಳಿದರೆ ಮಾತು ನಿಲ್ಲುತ್ತದೆ. ಕಷ್ಟ ಇರುವುದು ಅಲ್ಲೇ. ಡೇಟಾವನ್ನು ಮೆಮೊರಿಯಲ್ಲಿ ಇಟ್ಟು ಎತ್ತಿಕೊಳ್ಳುವುದು ಸುಲಭ. ‘ಒಳಗೆ ಎಷ್ಟಿದೆ’ ಅನ್ನುವ ಸುದ್ದಿಯನ್ನು ದಾಟಿಸುವುದೇ ಕೆಲಸ. ಈ ಲೇಖನದಲ್ಲಿ ಮೊದಲು ಮೈಕ್ರೊಕಂಟ್ರೋಲರ್‌ನಲ್ಲಿ, ಆಮೇಲೆ ಎಫ್‌ಪಿಜಿಎಯಲ್ಲಿ (ಒಳಗಿನ ಸರ್ಕ್ಯೂಟನ್ನು ನಾವೇ ಬರೆಯಬಹುದಾದ ಚಿಪ್) ಅದನ್ನು ಮಾಡೋಣ. ಎರಡರಲ್ಲೂ ಎಡವುವ ಜಾಗ ಒಂದೇ.

ಹೇಮಾವತಿ ನಾಲೆಯ ನೀರು ವರ್ಷವಿಡೀ ಬರುವುದಿಲ್ಲ. ತುಮಕೂರಿನ ನಲ್ಲಿಗಳಿಗೆ ಮಾತ್ರ ವರ್ಷವಿಡೀ ನೀರು ಬೇಕು. ಅದಕ್ಕೇ ನಡುವೆ ಬುಗುಡನಹಳ್ಳಿ ಕೆರೆ. ಬಫರ್ ಅಂದರೆ ಅದೇ. ಕೆರೆ ಇದೆ ಅಂದ ಮಾತ್ರಕ್ಕೆ ನೀರು ಹೆಚ್ಚಾಗುವುದಿಲ್ಲ ಅನ್ನುವುದೂ ನೆನಪಿರಲಿ. ಒಟ್ಟು ಬರುವುದಕ್ಕಿಂತ ಒಟ್ಟು ಹೋಗುವುದು ನಿಧಾನವಾದರೆ ಎಷ್ಟು ದೊಡ್ಡ ಬಫರ್ ಇಟ್ಟರೂ ಒಂದು ದಿನ ಕೋಡಿ ಬೀಳುತ್ತದೆ. ಬಫರ್ ಸರಿಮಾಡುವುದು ಏರಿಳಿತವನ್ನು ಮಾತ್ರ.

ಮೊದಲು ನೋಡಿ: ಫಿಫೋ ನಿಜವಾಗಿ ಬೇಕಾ?

ದಾಟಬೇಕಾಗಿರುವುದು ಒಂದೇ ಒಂದು ಸಿಗ್ನಲ್ ಆದರೆ, ಉದಾಹರಣೆಗೆ ಒಂದು ಬಟನ್ ಅಥವಾ ‘ರೆಡಿ’ ಲೈನ್, ಎರಡು ಫ್ಲಿಪ್‌ಫ್ಲಾಪ್ (ಕ್ಲಾಕ್ ಅಂಚಿಗೆ ಒಂದು ಬಿಟ್ ಹಿಡಿದಿಡುವ ಸರ್ಕ್ಯೂಟ್) ಸಾಲಾಗಿ ಇಟ್ಟರೆ ಸಾಕು. ಈ ಜೋಡಿಗೆ ಸಿಂಕ್ರೊನೈಸರ್ ಅಂತ ಹೆಸರು. ಅಪರೂಪಕ್ಕೊಮ್ಮೆ ಬದಲಾಗುವ ಸೆಟ್ಟಿಂಗ್ ರಿಜಿಸ್ಟರ್ ಆದರೆ ರಿಕ್ವೆಸ್ಟ್-ಅಕ್ನಾಲೆಜ್ ಹ್ಯಾಂಡ್‌ಶೇಕ್ (‘ತಗೋ’ ಅಂದಮೇಲೆ ‘ಸಿಕ್ಕಿತು’ ಅನ್ನುವವರೆಗೆ ಕಾಯುವುದು) ಮಾಡಿ. ಡೇಟಾ ಲೈನ್‌ಗಳನ್ನು ಅಲುಗಾಡದಂತೆ ಹಿಡಿದುಕೊಂಡು ರಿಕ್ವೆಸ್ಟ್ ಒಂದನ್ನೇ ದಾಟಿಸುತ್ತೀರಿ. ವೇಗದ ಕಡೆಯಿಂದ ನಿಧಾನದ ಕಡೆಗೆ ಒಂದು ಸಣ್ಣ ಪಲ್ಸ್ ಹೋಗಬೇಕಾದರೆ ಪಲ್ಸನ್ನು ಟಾಗಲ್ ಮಾಡಿ ಕಳಿಸಿ, ಅಂದರೆ ಪ್ರತಿ ಪಲ್ಸಿಗೂ ಲೈನ್ ಒಮ್ಮೆ ಮಗುಚಿ ಹಾಗೇ ನಿಲ್ಲಲಿ. ಇಲ್ಲದಿದ್ದರೆ ಆ ಕಡೆಯ ಎರಡು ಕ್ಲಾಕ್ ಅಂಚುಗಳ ನಡುವೆ ಅದು ಬಂದೂ ಹೋಗಿರುತ್ತದೆ, ಯಾರಿಗೂ ಕಾಣುವುದಿಲ್ಲ.

ಒಂದರ ಹಿಂದೆ ಒಂದು ಡೇಟಾ ಬರುತ್ತಲೇ ಇದ್ದು, ಕಳಿಸುವವರನ್ನು ಪ್ರತಿ ಸಲ ನಿಲ್ಲಿಸಲು ಆಗದಿದ್ದಾಗ ಫಿಫೋ.

ಎರಡು ಕ್ರಿಸ್ಟಲ್ ಮೇಲೆ ಒಂದೇ ಅಂಕಿ ಬರೆದಿದ್ದರೆ?

‘ಎರಡೂ ಕಡೆ 25 ಮೆಗಾಹರ್ಟ್ಸೇ ಅಲ್ವಾ, ಫಿಫೋ ಯಾಕೆ’ ಅಂತ ಕೇಳುವವರಿದ್ದಾರೆ. ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆ ಇದ್ದ ತುಮಕೂರಿನವರಿಗೆ ಇದನ್ನು ವಿವರಿಸುವುದು ಸುಲಭ. ಕ್ವಾರ್ಟ್ಜ್ ಗಡಿಯಾರದ 32,768 ಹರ್ಟ್ಸ್ ಕ್ರಿಸ್ಟಲ್‌ನಲ್ಲಿ 20 ಪಿಪಿಎಂ ವ್ಯತ್ಯಾಸ ಇದ್ದರೆ ದಿನಕ್ಕೆ ಸುಮಾರು 1.7 ಸೆಕೆಂಡ್ ಹೆಚ್ಚುಕಮ್ಮಿ ಆಗುತ್ತದೆ. ಪಿಪಿಎಂ ಅಂದರೆ ಹತ್ತು ಲಕ್ಷಕ್ಕೆ ಇಷ್ಟು ಅನ್ನುವ ಲೆಕ್ಕ. ಬೋರ್ಡಿನ ಮೇಲೆ ಕೂತ ಕ್ರಿಸ್ಟಲ್ ಕೂಡ ಅಂಥದ್ದೇ.

ಎರಡು ಬೋರ್ಡ್, ಎರಡಕ್ಕೂ 25 ಮೆಗಾಹರ್ಟ್ಸ್, ಪ್ಲಸ್ ಆರ್ ಮೈನಸ್ 50 ಪಿಪಿಎಂ ಕ್ರಿಸ್ಟಲ್ ಅಂದುಕೊಳ್ಳಿ. ಒಂದು ಮೇಲಕ್ಕೆ, ಒಂದು ಕೆಳಕ್ಕೆ ಜಾರಿದರೆ ನಡುವಿನ ಅಂತರ 100 ಪಿಪಿಎಂ. ಅಂದರೆ ಸೆಕೆಂಡಿಗೆ 2,500 ಕ್ಲಾಕ್. ಪ್ರತಿ ಕ್ಲಾಕಿಗೂ ಒಂದು ವರ್ಡ್ (ಫಿಫೋದ ಒಂದು ಜಾಗದಷ್ಟು ಡೇಟಾ) ಬರೆಯುತ್ತಿದ್ದು, 32 ಡೆಪ್ತ್‌ನ ಫಿಫೋ ಅರ್ಧ ತುಂಬಿದ ಸ್ಥಿತಿಯಲ್ಲಿ ಶುರುವಾದರೆ, 6.4 ಮಿಲಿಸೆಕೆಂಡಿಗೆ ಅದು ತುಂಬಿ ಚೆಲ್ಲುತ್ತದೆ ಅಥವಾ ಪೂರ್ತಿ ಖಾಲಿಯಾಗುತ್ತದೆ.

ಹಾಗಿದ್ದರೆ ಈಥರ್ನೆಟ್ ಹೇಗೆ ನಡೆಯುತ್ತದೆ? ಅಲ್ಲಿ ಪ್ಲಸ್ ಆರ್ ಮೈನಸ್ 100 ಪಿಪಿಎಂವರೆಗೆ ಒಪ್ಪಿಗೆ ಇದೆ. ಎರಡು ಫ್ರೇಮ್‌ಗಳ (ಡೇಟಾದ ಕಂತೆಗಳ) ನಡುವೆ 96 ಬಿಟ್ ಕಾಲದಷ್ಟು ಖಾಲಿ ಜಾಗ ಬಿಡುತ್ತಾರೆ. ವ್ಯತ್ಯಾಸವನ್ನು ಆ ಖಾಲಿ ಜಾಗ ನುಂಗಿಕೊಳ್ಳುತ್ತದೆ. ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಸ್ಕಿಪ್ ಅನ್ನುವ ತುಂಬುವ ಸಂಕೇತಗಳನ್ನು ಆಗಾಗ ಕಳಿಸುತ್ತಾರೆ. ಪಡೆಯುವ ಕಡೆಯ ಬಫರ್ ಬೇಕಾದಂತೆ ಒಂದನ್ನು ಸೇರಿಸುತ್ತದೆ ಅಥವಾ ಬಿಡುತ್ತದೆ. ನಿಮ್ಮದೇ ಪ್ರೋಟೋಕಾಲ್ ಬರೆಯುತ್ತಿದ್ದರೆ ಅಲ್ಲೂ ಹೀಗೆ ಉಸಿರಾಡಲು ಜಾಗ ಬಿಡಿ. ಬಿಡದಿದ್ದರೆ ಫಿಫೋ ನಿಮ್ಮನ್ನು ಕಾಪಾಡುವುದಿಲ್ಲ.

ಹೆಜ್ಜೆ 1: ತೂಕದ ಯಂತ್ರದಿಂದ ಕಾರ್ಡಿಗೆ, ಮೈಕ್ರೊಕಂಟ್ರೋಲರ್‌ನಲ್ಲಿ

ಇದನ್ನು ಮನೆಯಲ್ಲೇ ಮಾಡಬಹುದು. ಆರ್ಡುಯಿನೊ ಯುನೊ ಆರ್3 ಬೋರ್ಡ್, ಒಂದು ಎಸ್‌ಡಿ ಕಾರ್ಡ್ ಮಾಡ್ಯೂಲ್, ಸೀರಿಯಲ್ ಪೋರ್ಟ್ ಇರುವ ತೂಕದ ಯಂತ್ರ ಬೇಕು. ಯಂತ್ರ ಸಿಗದಿದ್ದರೆ ಲ್ಯಾಪ್‌ಟಾಪ್‌ನಿಂದ ಅಂಕಿ ಕಳಿಸಿ. ಯಂತ್ರದ ಪೋರ್ಟ್ ಆರ್‌ಎಸ್-232 ಆದರೆ ನಡುವೆ ಮ್ಯಾಕ್ಸ್232 ಥರದ ಚಿಪ್ ಹಾಕಿ. ಅದರ ವೋಲ್ಟೇಜ್ ನೇರವಾಗಿ ಬೋರ್ಡಿನ ಪಿನ್‌ಗೆ ಕೊಟ್ಟರೆ ಪಿನ್ ಸುಡುತ್ತದೆ. ಕಾರ್ಡಿಗೆ 3.3 ವೋಲ್ಟ್.

ಮೊದಲು ಲೆಕ್ಕ. 9600 ಬಾಡ್ ವೇಗದಲ್ಲಿ ಒಂದು ಬೈಟಿಗೆ ಸ್ಟಾರ್ಟ್, ಸ್ಟಾಪ್ ಸೇರಿ 10 ಬಿಟ್. ಸೆಕೆಂಡಿಗೆ 960 ಬೈಟ್. ಕಾರ್ಡು ಸಾಮಾನ್ಯವಾಗಿ ಬೇಗ ಬರೆಯುತ್ತದೆ. ಆದರೆ ಒಳಗೆ ತನ್ನದೇ ಮನೆಗೆಲಸ ಶುರುಮಾಡಿಕೊಂಡಾಗ ‘ಬಿಜಿ’ ಅಂದುಬಿಡುತ್ತದೆ. ಎಸ್‌ಡಿಎಚ್‌ಸಿ ಕಾರ್ಡುಗಳಿಗೆ ಬರೆಯುವ ಕಾಲಮಿತಿ 250 ಮಿಲಿಸೆಕೆಂಡ್. ಅಷ್ಟರಲ್ಲಿ 240 ಬೈಟ್ ಬಂದು ಕೂತಿರುತ್ತವೆ. ಆರ್ಡುಯಿನೊ ಯುನೊದ ಸೀರಿಯಲ್ ಲೈಬ್ರರಿ ಕೊಡುವ ಬಫರ್ 64 ಬೈಟ್. ಟೇಬಲ್ ಮೇಲೆ ಹತ್ತು ನಿಮಿಷ ಚೆನ್ನಾಗಿ ಓಡಿದ್ದು ಮಾರುಕಟ್ಟೆಯಲ್ಲಿ ಮಧ್ಯೆ ಮಧ್ಯೆ ಸಾಲು ನುಂಗುವುದು ಇದಕ್ಕೇ.

ಹಾಗಾಗಿ 256 ಬೈಟಿನ ರಿಂಗ್ ಬಫರ್ ಇಡಿ, ಕೊನೆ ಮುಟ್ಟಿದರೆ ಮತ್ತೆ ಮೊದಲಿಗೆ ಬರುವಂಥದ್ದು. ಬೈಟ್ ಬಂದಾಗಲೆಲ್ಲ ಇಂಟರಪ್ಟ್ ರೊಟೀನ್ (ನಡೆಯುತ್ತಿರುವ ಕೆಲಸ ತಡೆದು ಓಡುವ ಸಣ್ಣ ಕೋಡ್) ಅದನ್ನು ‘ಹೆಡ್’ ಇರುವ ಜಾಗದಲ್ಲಿಟ್ಟು ಹೆಡ್ ಮುಂದೆ ಸರಿಸುತ್ತದೆ. ಮುಖ್ಯ ಲೂಪ್ ‘ಟೇಲ್’ ಇರುವ ಜಾಗದಿಂದ ಎತ್ತಿಕೊಂಡು ಟೇಲ್ ಮುಂದೆ ಸರಿಸುತ್ತದೆ. ಎರಡೂ ಒಂದೇ ಆದರೆ ಖಾಲಿ. ಹೆಡ್ ಇನ್ನೊಂದು ಹೆಜ್ಜೆ ಇಟ್ಟರೆ ಟೇಲ್ ಮುಟ್ಟುತ್ತದೆ ಅಂದರೆ ತುಂಬಿದೆ. ಒಂದು ಜಾಗ ಖಾಲಿ ಬಿಡುವುದರಿಂದ 255 ಬೈಟ್ ಹಿಡಿಯುತ್ತದೆ. ನಮಗೆ ಬೇಕಿದ್ದದ್ದು 240. ಬಿಗಿ ಇದೆ, ಆದರೂ ಆಗುತ್ತದೆ.

ಇಲ್ಲಿ ಮೂರು ನಿಯಮ ಬಿಡಬೇಡಿ. ಹೆಡ್ ಅನ್ನು ಇಂಟರಪ್ಟ್ ಮಾತ್ರ ಬದಲಿಸಬೇಕು, ಟೇಲ್ ಅನ್ನು ಲೂಪ್ ಮಾತ್ರ ಬದಲಿಸಬೇಕು. ಮೊದಲು ಡೇಟಾ ಇಡಿ, ಆಮೇಲೆ ಹೆಡ್ ಸರಿಸಿ. ಎರಡೂ ವೇರಿಯಬಲ್‌ಗೆ ವೊಲಟೈಲ್ ಅಂತ ಹೇಳಿ. ಹೇಳದಿದ್ದರೆ ಕಂಪೈಲರ್ ಹಳೆಯ ಬೆಲೆಯನ್ನೇ ರಿಜಿಸ್ಟರ್‌ನಲ್ಲಿ ಇಟ್ಟುಕೊಂಡು ಕೂರಬಹುದು.

ಈಗ ಬಾಡ್ ರೇಟ್ 19200ಕ್ಕೆ ಏರಿಸಿ ನೋಡಿ. 250 ಮಿಲಿಸೆಕೆಂಡಿಗೆ 480 ಬೈಟ್, ಅಂದರೆ 512ರ ಬಫರ್. ಹೆಡ್ 8 ಬಿಟ್‌ನಲ್ಲಿ ಹಿಡಿಯುವುದಿಲ್ಲ, 16 ಬಿಟ್ ಬೇಕು. ಈ ಯುನೊ ಆರ್3ರ ಚಿಪ್ 8 ಬಿಟ್‌ನದು. 16 ಬಿಟ್ ಸಂಖ್ಯೆಯನ್ನು ಎರಡು ಸಲಕ್ಕೆ ಓದುತ್ತದೆ. ಹೆಡ್ 255ರಲ್ಲಿದೆ ಅಂದುಕೊಳ್ಳಿ. ಲೂಪ್ ಕೆಳಗಿನ ಬೈಟ್ ಓದಿತು, 255 ಸಿಕ್ಕಿತು. ಅಷ್ಟರಲ್ಲಿ ಇಂಟರಪ್ಟ್ ಬಂದು ಹೆಡ್ 256 ಆಯಿತು. ಈಗ ಮೇಲಿನ ಬೈಟ್ ಓದಿದರೆ 1. ಎರಡನ್ನೂ ಜೋಡಿಸಿದರೆ 511. ಬಫರಿನಲ್ಲಿ ಇಲ್ಲದ 255 ಬೈಟ್ ಇದೆ ಅಂದುಕೊಂಡು ಲೂಪ್ ಹಳೆಯ ಕಸವನ್ನೆಲ್ಲ ಕಾರ್ಡಿಗೆ ಬರೆಯುತ್ತದೆ.

ಇದು ದಿನಕ್ಕೊಮ್ಮೆಯೋ ವಾರಕ್ಕೊಮ್ಮೆಯೋ ಆಗುವ ತಪ್ಪು. ಹುಡುಕಲು ಕೂತರೆ ಸಿಗುವುದಿಲ್ಲ. ಪರಿಹಾರ ಸಣ್ಣದು: ಹೆಡ್ ಓದುವ ಆ ಒಂದು ಸಾಲಿಗೆ ಮಾತ್ರ ಇಂಟರಪ್ಟ್ ನಿಲ್ಲಿಸಿ, ಓದಿ, ಮತ್ತೆ ಬಿಡಿ. ಬದಲಾಗುತ್ತಿರುವ ಹಲವು ಬಿಟ್‌ಗಳನ್ನು ಬೇರೆಯವರು ಅರ್ಧದಲ್ಲಿ ಓದಿದರೆ ಏನಾಗುತ್ತದೆ ಅನ್ನುವುದು ಮನಸ್ಸಿನಲ್ಲಿರಲಿ. ಎಫ್‌ಪಿಜಿಎಯಲ್ಲಿ ಇದೇ ಮತ್ತೆ ಬರುತ್ತದೆ, ಅಲ್ಲಿ ಇಂಟರಪ್ಟ್ ನಿಲ್ಲಿಸುವ ಸೌಲಭ್ಯ ಇಲ್ಲ.

ಪಿಸಿ ಲೋಕವೂ ಇದೇ ದಾರಿಯಲ್ಲಿ ಬಂದಿದೆ. 1981ರ ಐಬಿಎಂ ಪಿಸಿಯಲ್ಲಿದ್ದ 8250 ಸೀರಿಯಲ್ ಚಿಪ್ ಓದದೆ ಬಿಟ್ಟ ಬೈಟುಗಳಲ್ಲಿ ಒಂದನ್ನು ಮಾತ್ರ ಹಿಡಿದಿಡುತ್ತಿತ್ತು. 115200 ಬಾಡ್‌ನಲ್ಲಿ ಪ್ರತಿ 87 ಮೈಕ್ರೊಸೆಕೆಂಡಿಗೆ ಒಂದು ಬೈಟ್. ಪ್ರೊಸೆಸರ್ ಅಷ್ಟರೊಳಗೆ ಬರದಿದ್ದರೆ ಅದು ಹೋಯಿತು. ಆಮೇಲೆ 16550 ಚಿಪ್‌ನಲ್ಲಿ 16 ಬೈಟಿನ ಫಿಫೋ ಸೇರಿಸಿದರು. ಮೊದಲ ಆವೃತ್ತಿಯ ಫಿಫೋದಲ್ಲೇ ದೋಷ ಇತ್ತು, 16550ಎ ಬಂದ ಮೇಲೆ ಸರಿಯಾಯಿತು. ಫಿಫೋ ಬರೆಯುವುದು ಚಿಪ್ ಕಂಪನಿಗಳಿಗೂ ಒಂದೇ ಏಟಿಗೆ ಒಲಿದಿಲ್ಲ ಅನ್ನುವುದು ನಮಗೆ ಸಮಾಧಾನ.

ಹೆಜ್ಜೆ 2: ಎಫ್‌ಪಿಜಿಎಯಲ್ಲಿ ಮೆಟಾಸ್ಟೆಬಿಲಿಟಿಗೆ ಜಾಗ ಕೊಡಿ

ಕ್ಲಾಕ್ ಅಂಚು ಬರುವ ಸ್ವಲ್ಪ ಮುಂಚೆ ಮತ್ತು ಸ್ವಲ್ಪ ನಂತರ ಫ್ಲಿಪ್‌ಫ್ಲಾಪ್‌ನ ಇನ್‌ಪುಟ್ ಅಲುಗಬಾರದು. ಬೇರೆ ಕ್ಲಾಕ್‌ನಿಂದ ಬಂದ ಸಿಗ್ನಲ್‌ಗೆ ಈ ನಿಯಮ ಹೇಳುವವರು ಯಾರು? ಎಂದಾದರೊಮ್ಮೆ ಸರಿಯಾಗಿ ಅದೇ ಹೊತ್ತಿಗೆ ಬದಲಾಗುತ್ತದೆ. ಆಗ ಔಟ್‌ಪುಟ್ ಸೊನ್ನೆಯೂ ಅಲ್ಲ, ಒಂದೂ ಅಲ್ಲ, ನಡುವೆ ನಿಂತು ಬಿಡುತ್ತದೆ. ಸ್ವಲ್ಪ ಹೊತ್ತಿಗೆ ಯಾವುದೋ ಒಂದು ಕಡೆ ವಾಲುತ್ತದೆ. ಯಾವ ಕಡೆ ಅಂತ ಹೇಳಲಾಗದು. ಇದೇ ಮೆಟಾಸ್ಟೆಬಿಲಿಟಿ. ಇದು ನಿಜವಾಗಿ ಆಗುತ್ತದೆ ಅಂತ 1973ರಲ್ಲಿ ಚೇನಿ ಮತ್ತು ಮೋಲ್ನರ್ ಆಸಿಲೊಸ್ಕೋಪ್ ಚಿತ್ರಗಳನ್ನೇ ಮುಂದಿಟ್ಟು ತೋರಿಸಿದರು.

ಇದನ್ನು ಪೂರ್ತಿ ತಪ್ಪಿಸಲು ಆಗುವುದಿಲ್ಲ. ಕಾಯಬಹುದು ಅಷ್ಟೇ. ಮೊದಲ ಫ್ಲಾಪ್ ಒದ್ದಾಡಿದರೂ ಎರಡನೆಯದು ಓದುವ ಹೊತ್ತಿಗೆ ಒಂದು ಪೂರ್ತಿ ಕ್ಲಾಕ್ ಕಳೆದಿರುತ್ತದೆ. ಕಾಯುವ ಸಮಯ ಸ್ವಲ್ಪ ಹೆಚ್ಚಾದರೂ ಕೆಡುವ ಸಾಧ್ಯತೆ ನೂರು ಪಟ್ಟು, ಸಾವಿರ ಪಟ್ಟು ಲೆಕ್ಕದಲ್ಲಿ ಇಳಿಯುತ್ತದೆ. ಎರಡು ಫ್ಲಾಪ್ ಬಹುತೇಕ ಕಡೆ ಸಾಕು. ಕ್ಲಾಕ್ ತುಂಬಾ ವೇಗವಾಗಿದ್ದರೆ ಮೂರು. ಎರಡರ ನಡುವೆ ಒಂದು ಗೇಟ್ ಕೂಡ ಇಡಬೇಡಿ.

ಹೆಜ್ಜೆ 3: ಪಾಯಿಂಟರ್‌ಗಳು

ಹೆಚ್ಚು ಹೊತ್ತು ಇಲ್ಲೇ ಕಳೆಯಿರಿ. ಎರಡು ಪೋರ್ಟ್ ಇರುವ ಮೆಮೊರಿ ತೆಗೆದುಕೊಳ್ಳಿ. ಎಫ್‌ಪಿಜಿಎಯ ಬ್ಲಾಕ್ ರ್‍ಯಾಮ್ ಇದಕ್ಕೆಂದೇ ಇದೆ. ಬರೆಯುವ ಕಡೆಯ ಪಾಯಿಂಟರ್ ಬರೆಯುವ ಕ್ಲಾಕ್‌ನಲ್ಲಿ, ಓದುವ ಕಡೆಯದು ಓದುವ ಕ್ಲಾಕ್‌ನಲ್ಲಿ ಓಡುತ್ತದೆ. ‘ತುಂಬಿದೆಯಾ’ ಅಂತ ತಿಳಿಯಲು ಬರೆಯುವವರಿಗೆ ಓದುವವರ ಪಾಯಿಂಟರ್ ಬೇಕು. ‘ಖಾಲಿಯಾ’ ಅಂತ ತಿಳಿಯಲು ಓದುವವರಿಗೆ ಬರೆಯುವವರದು ಬೇಕು. ಡೇಟಾಗೆ ಸಿಂಕ್ರೊನೈಸರ್ ಬೇಕಿಲ್ಲ. ಪಾಯಿಂಟರ್ ತಲುಪುವ ಹೊತ್ತಿಗೆ ಡೇಟಾ ಮೆಮೊರಿಯಲ್ಲಿ ತಣ್ಣಗೆ ಕೂತಿರುತ್ತದೆ.

ಪಾಯಿಂಟರನ್ನು ಸಾದಾ ಬೈನರಿಯಲ್ಲೇ ದಾಟಿಸಿದರೆ? 3ರಿಂದ 4ಕ್ಕೆ ಹೋಗುವಾಗ 011 ಹೋಗಿ 100 ಆಗಬೇಕು. ಮೂರೂ ಬಿಟ್ ಬದಲಾಗುತ್ತವೆ. ತಂತಿಗಳ ಉದ್ದ ಒಂದೇ ಇರುವುದಿಲ್ಲ. ಆ ಹೊತ್ತಿಗೇ ಆ ಕಡೆಯವರು ಓದಿದರೆ 000 ಸಿಗಬಹುದು, 111 ಸಿಗಬಹುದು, ಏನು ಬೇಕಾದರೂ ಸಿಗಬಹುದು. ಪ್ರತಿ ಬಿಟ್‌ಗೂ ಎರಡೆರಡು ಫ್ಲಾಪ್ ಇಟ್ಟರೂ ಇದು ಸರಿಹೋಗುವುದಿಲ್ಲ. ಆರ್ಡುಯಿನೊದ 511 ಇಲ್ಲಿ ಹೀಗೆ ಬರುತ್ತದೆ.

ಇದಕ್ಕೆ ಮದ್ದು ಗ್ರೇ ಕೋಡ್. ಬೆಲ್ ಲ್ಯಾಬ್ಸ್‌ನ ಫ್ರಾಂಕ್ ಗ್ರೇ 1947ರಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದರು, 1953ರಲ್ಲಿ ಪೇಟೆಂಟ್ ಸಿಕ್ಕಿತು. ಇದರಲ್ಲಿ ಒಂದು ಸಂಖ್ಯೆಯಿಂದ ಮುಂದಿನದಕ್ಕೆ ಹೋಗುವಾಗ ಒಂದೇ ಬಿಟ್ ಬದಲಾಗುತ್ತದೆ. ಬೈನರಿ ಸಂಖ್ಯೆಯನ್ನು ಒಂದು ಬಿಟ್ ಬಲಕ್ಕೆ ಸರಿಸಿ, ಮೂಲದ ಜೊತೆ ಎಕ್ಸ್‌ಆರ್ (ಎರಡು ಬಿಟ್ ಬೇರೆಯಾದರೆ 1, ಒಂದೇ ಆದರೆ 0) ಮಾಡಿದರೆ ಗ್ರೇ ಕೋಡ್ ಸಿಗುತ್ತದೆ. 3 ಅಂದರೆ 010, 4 ಅಂದರೆ 110. ಬದಲಾದದ್ದು ಮೊದಲ ಬಿಟ್ ಒಂದೇ. ಅದು ಒದ್ದಾಡುವಾಗ ಓದಿದರೂ ಸಿಗುವುದು 3 ಅಥವಾ 4. ಹಳೆಯದು ಸಿಕ್ಕರೆ ಒಂದು ಕ್ಲಾಕ್ ತಡ ಅಷ್ಟೇ, ಸುಳ್ಳು ಅಲ್ಲ.

ಎಕ್ಸ್‌ಆರ್‌ನಿಂದ ಬಂದದ್ದನ್ನು ನೇರವಾಗಿ ದಾಟಿಸಬೇಡಿ. ಗೇಟ್‌ಗಳ ಔಟ್‌ಪುಟ್ ನೆಲೆಗೊಳ್ಳುವ ಮುಂಚೆ ಮಿನುಗುತ್ತದೆ. ಮೊದಲು ತನ್ನದೇ ಕ್ಲಾಕ್‌ನ ರಿಜಿಸ್ಟರ್‌ಗೆ ಹಾಕಿ, ಅಲ್ಲಿಂದ ದಾಟಿಸಿ. ಗ್ರೇ ಕೋಡ್ ಹಾಕಿಯೂ ಫಿಫೋ ಕೆಟ್ಟಿದೆ ಅಂದರೆ ಮೊದಲು ಈ ಜಾಗ ನೋಡಿ.

ಹೆಜ್ಜೆ 4: ತುಂಬಿದೆ, ಖಾಲಿ ಇದೆ

8 ಜಾಗದ ಫಿಫೋಗೆ ವಿಳಾಸ 3 ಬಿಟ್, ಆದರೆ ಪಾಯಿಂಟರ್ 4 ಬಿಟ್ ಇಡಿ. ಆ ಹೆಚ್ಚುವರಿ ಬಿಟ್ ಎಷ್ಟನೇ ಸುತ್ತು ಅಂತ ಹೇಳುತ್ತದೆ. ಎರಡು ಗ್ರೇ ಪಾಯಿಂಟರ್‌ಗಳೂ ಪೂರ್ತಿ ಒಂದೇ ಆದರೆ ಖಾಲಿ. ಬರೆಯುವವರು ಒಂದು ಪೂರ್ತಿ ಸುತ್ತು ಮುಂದಿದ್ದರೆ ತುಂಬಿದೆ. ಉದಾಹರಣೆಗೆ ಓದುವ ಪಾಯಿಂಟರ್ 3, ಗ್ರೇಯಲ್ಲಿ 0010. ಬರೆಯುವುದು 11, ಗ್ರೇಯಲ್ಲಿ 1110. ಮೇಲಿನ ಎರಡು ಬಿಟ್ ತಿರುಗಿವೆ, ಉಳಿದವು ಹಾಗೇ ಇವೆ. ತುಂಬಿದೆ ಅನ್ನುವುದಕ್ಕೆ ಪರೀಕ್ಷೆ ಅದೇ. ಬೈನರಿ ಅಭ್ಯಾಸದಲ್ಲಿ ಮೇಲಿನ ಒಂದೇ ಬಿಟ್ ತಿರುಗಿಸಿ ಬರೆಯುವವರು ಇದ್ದಾರೆ. ಇಂಟರ್‌ವ್ಯೂನಲ್ಲಿ ಇದನ್ನೇ ಕಾದು ಕೂತಿರುತ್ತಾರೆ.

ಡೆಪ್ತ್ 8, 16, 32 ಹೀಗೇ ಇರಲಿ. 6 ಜಾಗ ಸಾಕು ಅಂತ ಪಾಯಿಂಟರನ್ನು 11ರಿಂದ 0ಗೆ ಹಾರಿಸಿದರೆ 1110 ಹೋಗಿ 0000 ಆಗುತ್ತದೆ. ಮೂರು ಬಿಟ್ ಒಟ್ಟಿಗೆ. ಗ್ರೇ ಕೋಡ್ ಹಾಕಿದ ಶ್ರಮವೆಲ್ಲ ನೀರುಪಾಲು.

ಆ ಕಡೆಯ ಪಾಯಿಂಟರ್ ತಲುಪಲು ಎರಡು ಮೂರು ಕ್ಲಾಕ್ ಬೇಕು. ಹಾಗಾಗಿ ಜಾಗ ಆಗಿದ್ದರೂ ಸ್ವಲ್ಪ ಹೊತ್ತು ‘ತುಂಬಿದೆ’ ಅನ್ನುತ್ತದೆ, ಡೇಟಾ ಬಂದಿದ್ದರೂ ಸ್ವಲ್ಪ ಹೊತ್ತು ‘ಖಾಲಿ’ ಅನ್ನುತ್ತದೆ. ಎರಡೂ ಸುರಕ್ಷಿತ ಕಡೆಯ ತಪ್ಪು. ಸರಿಪಡಿಸಲು ಹೋಗಬೇಡಿ.

ರಿಸೆಟ್ ಕೊಡುವಾಗ ಎರಡೂ ಕಡೆಗೂ ಕೊಡಿ. ಬಿಡುವಾಗ ಆಯಾ ಕಡೆಯ ಕ್ಲಾಕ್‌ಗೆ ಹೊಂದಿಸಿ ಬಿಡಿ. ಒಂದು ಕಡೆ ಮಾತ್ರ ರಿಸೆಟ್ ಆದರೆ ಪಾಯಿಂಟರ್ ಎಲ್ಲಿಂದಲೋ ಸೊನ್ನೆಗೆ ಹಾರುತ್ತದೆ, ಆ ಕಡೆಯವರಿಗೆ ಅದು ಇಲ್ಲದ ಡೇಟಾದಂತೆ ಕಾಣುತ್ತದೆ.

ಹೆಜ್ಜೆ 5: ಡೆಪ್ತ್ ಲೆಕ್ಕ

ಸುಲಭದ್ದು ಮೊದಲು. 100 ಮೆಗಾಹರ್ಟ್ಸ್‌ನಲ್ಲಿ ಒಂದೇ ಬರ್ಸ್ಟ್‌ಗೆ (ಬಿಡುವಿಲ್ಲದ ಒಂದು ಸುರಿಮಳೆಗೆ) 120 ವರ್ಡ್ ಬರುತ್ತವೆ, 50 ಮೆಗಾಹರ್ಟ್ಸ್‌ನಲ್ಲಿ ಓದುತ್ತೀರಿ. ಬರ್ಸ್ಟ್ ಮುಗಿಯಲು 1.2 ಮೈಕ್ರೊಸೆಕೆಂಡ್. ಅಷ್ಟರಲ್ಲಿ ಓದಿದ್ದು 60. ಉಳಿದ 60ಕ್ಕೆ ಜಾಗ ಬೇಕು. ಸಿಂಕ್ರೊನೈಸರ್‌ನ ತಡಕ್ಕೂ ಜಾಗ ಬೇಕಾದ್ದರಿಂದ 64 ಇಟ್ಟರೆ ಅಂಚಿನಲ್ಲಿ ನಿಂತಂತೆ. 128 ಇಡಿ, ಬ್ಲಾಕ್ ರ್‍ಯಾಮ್‌ನಲ್ಲಿ ಅದಕ್ಕೇನೂ ಖರ್ಚಿಲ್ಲ.

ಬೀಳಿಸುವ ಪ್ರಶ್ನೆ ಇದು: ಒಂದೇ ವೇಗದ ಕ್ಲಾಕ್, ಪ್ರತಿ 100 ಕ್ಲಾಕಿಗೆ 80 ವರ್ಡ್ ಬರುತ್ತವೆ, ಓದುವುದು ಪ್ರತಿ 10 ಕ್ಲಾಕಿಗೆ 8. ಸರಾಸರಿ ಸಮ, ಫಿಫೋ ಬೇಡ ಅನಿಸುತ್ತದೆ. ಆದರೆ ಆ 80 ಯಾವಾಗ ಬರಬೇಕು ಅಂತ ಯಾರೂ ಹೇಳಿಲ್ಲ. ಮೊದಲ ನೂರರಲ್ಲಿ ಕೊನೆಯ 80, ಎರಡನೇ ನೂರರಲ್ಲಿ ಮೊದಲ 80 ಬಂದರೆ 160 ವರ್ಡ್ ಬಿಡುವಿಲ್ಲದೆ ಬಂದಂತೆ. ಆ 160 ಕ್ಲಾಕ್‌ನಲ್ಲಿ ಓದಿದ್ದು 128. ಬೇಕಾದ ಡೆಪ್ತ್ 32. ಸರಾಸರಿ ನೋಡಬೇಡಿ, ಕೆಟ್ಟ ಗಳಿಗೆ ನೋಡಿ.

ಇಡೀ ಫ್ರೇಮನ್ನೇ ಬಫರ್ ಮಾಡುವುದೂ ಉಂಟು. ಓವಿ7670 ಕ್ಯಾಮೆರಾ ಜೊತೆ ಎಎಲ್422ಬಿ ಫಿಫೋ ಚಿಪ್ ಕೂರಿಸಿದ ಮಾಡ್ಯೂಲ್‌ಗಳಿವೆ. ಫಿಫೋದ ಅಳತೆ 3,93,216 ಬೈಟ್. ಪಿಕ್ಸೆಲ್‌ಗೆ 2 ಬೈಟ್ ಅಂದರೆ 320 ಗುಣಿಸು 240ರ ಚಿತ್ರಕ್ಕೆ 1,53,600 ಬೈಟ್, ಆರಾಮಾಗಿ ಹಿಡಿಯುತ್ತದೆ. 640 ಗುಣಿಸು 480ಕ್ಕೆ 6,14,400, ಹಿಡಿಯುವುದಿಲ್ಲ. ಎಲೆಕ್ಟ್ರಾನಿಕ್ಸ್ ಬಿಡಿಭಾಗ ಕೊಳ್ಳಲು ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗುವ ಮುಂಚೆ ಈ ಗುಣಾಕಾರ ಮಾಡಿಕೊಳ್ಳಿ.

ಹೆಜ್ಜೆ 6: ಪರೀಕ್ಷೆ

ಇಕಾರಸ್ ವೆರಿಲಾಗ್ (ಸಿಮ್ಯುಲೇಟರ್) ಮತ್ತು ಜಿಟಿಕೆವೇವ್ (ಸಿಗ್ನಲ್‌ಗಳ ಚಿತ್ರ ತೋರಿಸುವ ಟೂಲ್) ಉಚಿತ, ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತವೆ. ಎರಡು ಕ್ಲಾಕ್‌ಗಳಿಗೆ 10 ಮತ್ತು 20 ನ್ಯಾನೊಸೆಕೆಂಡ್ ಕೊಡಬೇಡಿ. ಅಂಚುಗಳು ಸದಾ ಒಂದೇ ಜಾಗದಲ್ಲಿ ಸೇರುತ್ತವೆ, ತಪ್ಪು ಅಡಗಿಬಿಡುತ್ತದೆ. 10 ಮತ್ತು 7.3 ಕೊಡಿ. 1, 2, 3 ಅಂತ ಏರುವ ಅಂಕಿ ಬರೆಯಿರಿ, ಆ ಕಡೆ ಒಂದೂ ತಪ್ಪದೆ ಬರುತ್ತಿದೆಯಾ ನೋಡಿ. ಎರಡೂ ಕಡೆ ಮಧ್ಯೆ ಮಧ್ಯೆ ಮನಸ್ಸಿಗೆ ಬಂದಂತೆ ನಿಲ್ಲಿಸಿ. ಫಿಫೋ ಪೂರ್ತಿ ತುಂಬುವುದು, ಪೂರ್ತಿ ಖಾಲಿಯಾಗುವುದು ಎರಡೂ ಹಲವು ಸಲ ಆಗಬೇಕು.

ಇಷ್ಟಾದರೂ ಸಿಮ್ಯುಲೇಟರ್‌ಗೆ ಮೆಟಾಸ್ಟೆಬಿಲಿಟಿ ಗೊತ್ತಿಲ್ಲ. ಟೂಲ್‌ಗೆ ನೀವೇ ಹೇಳಬೇಕು. ವಿವಾಡೊ ಅನ್ನುವ ಎಫ್‌ಪಿಜಿಎ ಟೂಲ್ ಬಳಸುತ್ತಿದ್ದರೆ ಸಿಂಕ್ರೊನೈಸರ್ ಫ್ಲಾಪ್‌ಗಳಿಗೆ ಅಸಿಂಕ್-ರೆಗ್ ಗುರುತು ಹಾಕಿ, ಆಗ ಅವನ್ನು ಹತ್ತಿರ ಹತ್ತಿರ ಕೂರಿಸುತ್ತದೆ. ಗ್ರೇ ಪಾಯಿಂಟರ್ ದಾಟುವ ತಂತಿಗಳಿಗೆ ಗರಿಷ್ಠ ವಿಳಂಬದ ಮಿತಿ ಕೊಡಿ. ಎರಡೂ ಕ್ಲಾಕ್‌ಗಳಿಗೆ ಸಂಬಂಧ ಇಲ್ಲ ಅಂತ ಸುಮ್ನೆ ಒಂದು ಸಾಲು ಬರೆದು ಕೈತೊಳೆದುಕೊಂಡರೆ ಒಂದು ಬಿಟ್ ಎಲ್ಲೋ ಸುತ್ತಿಕೊಂಡು ಬಂದು, ಹಿಂದಿನ ಬದಲಾವಣೆ ಮುಂದಿನದರ ಜೊತೆ ಬೆರೆಯಬಹುದು. ಆಮೇಲೆ ಸಿಡಿಸಿ ರಿಪೋರ್ಟ್ (ಒಂದು ಕ್ಲಾಕ್‌ನಿಂದ ಇನ್ನೊಂದಕ್ಕೆ ದಾಟುವ ತಂತಿಗಳ ಪಟ್ಟಿ) ತೆಗೆದು ಪ್ರತಿ ಸಾಲೂ ಓದಿ.

ಕೆಲಸದ ಡಿಸೈನ್‌ಗೆ ಕಂಪನಿ ಕೊಡುವ ಸಿದ್ಧ ಫಿಫೋ ಬ್ಲಾಕನ್ನೇ ಬಳಸಿ ಅಂತ ನನ್ನ ಸಲಹೆ. ಮೇಲಿನ ಮಿತಿಗಳೆಲ್ಲ ಅದರ ಜೊತೆಗೇ ಬರುತ್ತವೆ. ಆದರೆ ಒಂದು ಸಲವಾದರೂ ಕೈಯಾರೆ ಬರೆದಿರಬೇಕು. ಬರೆಯದವರಿಗೆ ಆ ಬ್ಲಾಕಿನ ಸೆಟ್ಟಿಂಗ್ ಪುಟವೇ ಅರ್ಥವಾಗುವುದಿಲ್ಲ.

ತುಂಬಿದಾಗ ಏನು ಬಿಸಾಡುವುದು?

ಎಷ್ಟು ಲೆಕ್ಕ ಹಾಕಿದರೂ ಒಂದು ದಿನ ಯಾರೋ ಕೆಟ್ಟ ಕಾರ್ಡ್ ಹಾಕುತ್ತಾರೆ, ಫಿಫೋ ತುಂಬುತ್ತದೆ. ಆಗ ಹೊಸದನ್ನು ಬಿಡಬೇಕಾ, ಹಳೆಯದನ್ನು ಬಿಡಬೇಕಾ ಅಂತ ಮೊದಲೇ ತೀರ್ಮಾನಿಸಿ. ತೂಕದ ಯಂತ್ರ ಒಂದೇ ಮೂಟೆಯ ತೂಕವನ್ನು ಮತ್ತೆ ಮತ್ತೆ ಕಳಿಸುತ್ತಿರುತ್ತದೆ. ಬೈಟ್ ಬೈಟಾಗಿ ಬಿಟ್ಟರೆ 48.5 ಇದ್ದದ್ದು 8.5 ಆಗಿ ಕಾರ್ಡಿಗೆ ಹೋಗಬಹುದು, ಅದು ರೈತರ ದುಡ್ಡು. ಅದಕ್ಕೆ ಬಿಟ್ಟರೆ ಇಡೀ ಸಾಲನ್ನೇ ಬಿಡಿ. ತುಂಬಿ ಚೆಲ್ಲಿದಾಗ ಒಂದು ಫ್ಲ್ಯಾಗ್ ಏಳಲಿ, ಯಾರಾದರೂ ನೋಡುವವರೆಗೆ ಅದು ಇಳಿಯಬಾರದು. ಎಷ್ಟು ಸಾಲು ಬಿಟ್ಟಿತು ಅನ್ನುವ ಎಣಿಕೆಯನ್ನೂ ಲಾಗ್ ಫೈಲ್‌ನಲ್ಲೇ ಬರೆಯಿರಿ. ತೂಕದ ಪಟ್ಟಿ ನೋಡುವವರಿಗೆ ಆ ಅಂಕಿ ಸೊನ್ನೆಯಾಗಿದೆಯಾ ಇಲ್ಲವಾ ಕಾಣುವಂತಿರಬೇಕು.